ಎಂಜಿನ್ ಬದಲಿಸಿದ ಹಳೇ ವ್ಯಾನು, ಗೊಂದಲದ ರಿಲೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಿಕೆ ಕೊಯ್ಲು ಶುರುವಾಗುವ ಮೊದಲು ವ್ಯಾನು ಸರಿಮಾಡಿಸಿಕೊಳ್ಳುವ ಗಡಿಬಿಡಿ ಮಲೆನಾಡಿನಲ್ಲಿ ಪ್ರತಿ ವರ್ಷದ್ದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಂತಿವೆ: ಎಂಜಿನ್ ಕೂತಿದೆ, ಗೇರ್‌ಬಾಕ್ಸ್ ಹೊಂದಿದೆ, ವೈರಿಂಗ್ ಕೈಕೊಟ್ಟಿದೆ. ಹಾಗಾಗಿ ಈ ಸಂಚಿಕೆಯ ಪುಟವೆಲ್ಲ ರಿಲೇಗೆ ಮೀಸಲು.

ಪ್ರಶ್ನೆ: ನಮ್ಮದು ಕಾರ್ಬುರೇಟರ್ ಕಾಲದ ಓಮ್ನಿ. ಗುಜರಿಗೆ ಹೋದ ಇನ್ನೊಂದು ಓಮ್ನಿಯ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ತಂದು ಕೂರಿಸಿದ್ದೇವೆ. ಎಂಜಿನ್ನಿನ ವೈರಿಂಗ್ ಜೊತೆ ಮೂರು ರಿಲೇ ಬಂದಿವೆ. ಹಳೇ ಗಾಡಿಯಲ್ಲಿ ಇವು ಇರಲೇ ಇಲ್ಲ. ಯಾವುದಕ್ಕೆ ಏನು ಕೊಡಬೇಕು? ರಿಲೇ ಅಂದರೆ ಏನು ಎಂಬಲ್ಲಿಂದಲೇ ಹೇಳಿ. (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಿದ್ದೀರಾದರೆ ರಿಲೇ ನೋಡಿದ ಹಾಗೆಯೇ. ಹಸಿರು ಗುಂಡಿ ಒತ್ತಿದಾಗ ಹರಿಯುವುದು ಒಳಗಿನ ಕಾಯಿಲ್ಲಿಗೆ ಸಾಕಾಗುವಷ್ಟು ಸಣ್ಣ ಕರೆಂಟು. ಆ ಕಾಯಿಲ್ ಎಳೆದು ಕೂಡಿಸುವ ಕಾಂಟ್ಯಾಕ್ಟುಗಳ ಮೂಲಕ ಮೋಟಾರಿನ ದೊಡ್ಡ ಕರೆಂಟು ಹೋಗುತ್ತದೆ. ಗಾಡಿಯ ರಿಲೇ ಅದರ ಬೆಂಕಿಪೊಟ್ಟಣದ ಗಾತ್ರದ ತಮ್ಮ. 12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ 80ರಿಂದ 100 ಓಮ್ ಇರುತ್ತದೆ. ಅದು ಎಳೆಯುವ ಕರೆಂಟು 0.15 ಆಂಪಿನ ಆಸುಪಾಸು, ಅದರ ಕೈಕೆಳಗೆ ಹರಿಯುವುದು 30 ಅಥವಾ 40 ಆಂಪಿನವರೆಗೆ.

ಬುಡದಲ್ಲಿ ಕೊರೆದ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಇರುವುದೇ ನಾಲ್ಕೋ ಐದೋ. 30 ಅಂದರೆ ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ಬರುವ ಲೈನು. 87 ಅಂದರೆ ಪಂಪು, ಫ್ಯಾನು, ಲೈಟಿಗೆ ಹೊರಡುವ ಲೈನು. 85 ಮತ್ತು 86 ಕಾಯಿಲ್ಲಿನ ಎರಡು ತುದಿ. ಐದನೆಯದು ಇದ್ದರೆ ಅದು 87ಎ: ರಿಲೇ ಸುಮ್ಮನಿದ್ದಾಗ 30ಕ್ಕೆ ಕೂಡಿರುತ್ತದೆ, ಎಳೆದಾಗ ಬಿಟ್ಟುಕೊಳ್ಳುತ್ತದೆ. 30–87 ಒಂದು ಮನೆ, 85–86 ಪಕ್ಕದ ಮನೆ. ಎರಡರ ನಡುವೆ ರಿಲೇಯೊಳಗೆ ತಂತಿಯ ಸಂಬಂಧವಿಲ್ಲ, ಇರುವುದು ಅಯಸ್ಕಾಂತದ ಸಂಬಂಧ ಮಾತ್ರ. ಇದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ನಿಮ್ಮ ಮೂರು ರಿಲೇ. ಒಂದು ಮೇನ್ ರಿಲೇ: ಇಸಿಎಂ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಇಂಜೆಕ್ಟರು, ಸೆನ್ಸರುಗಳಿಗೆ ಲೈನು ಕೊಡುವುದು. ಎರಡನೆಯದು ಪೆಟ್ರೋಲ್ ಪಂಪಿನದು. ಮೂರನೆಯದು ಸಾಮಾನ್ಯವಾಗಿ ರೇಡಿಯೇಟರ್ ಫ್ಯಾನಿನದು. ಹಳೇ ಎಂಜಿನ್ನಿನಲ್ಲಿ ಪೆಟ್ರೋಲನ್ನು ಎಂಜಿನ್ನೇ ತಿರುಗಿಸುವ ಡಯಾಫ್ರಮ್ ಪಂಪು ಎಳೆಯುತ್ತಿತ್ತು, ಕಾರ್ಬುರೇಟರಿಗೆ ಅಷ್ಟೇ ಸಾಕಿತ್ತು. ಹೊಸದಕ್ಕೆ ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪು ಬೇಕು. ಒತ್ತಡವೂ ಹತ್ತು ಪಟ್ಟು ಹೆಚ್ಚು, 2.5ರಿಂದ 3 ಬಾರ್. ಹಳೇ ರಬ್ಬರ್ ಪೈಪು ಇದನ್ನು ತಡೆಯುವುದಿಲ್ಲ. ಪ್ರಶ್ನೆ ವೈರಿಂಗಿನದಾದರೂ ಹೇಳದೆ ಬಿಡುವಂತಿಲ್ಲ: ಇಂಜೆಕ್ಷನ್ ಎಂಜಿನ್ನಿಗೆ ಎಂದೇ ಮಾಡಿದ ಪೈಪು, ಅದಕ್ಕೆ ತಕ್ಕ ಕ್ಲಿಪ್ಪು ಹಾಕಿ. ಓಮ್ನಿಯಲ್ಲಿ ಎಂಜಿನ್ ಇರುವುದು ನೀವು ಕೂರುವ ಸೀಟಿನ ಕೆಳಗೆ.

ಯಾವ ಸಾಕೆಟ್ಟಿಗೆ ಯಾವ ತಂತಿ ಎಂದು ಬಣ್ಣ ನೋಡಿ ತೀರ್ಮಾನಿಸಬೇಡಿ. ಗುಜರಿಯಿಂದ ಬಂದ ವೈರಿಂಗಿನಲ್ಲಿ ಯಾರೋ ಒಮ್ಮೆ ಕೈಯಾಡಿಸಿಯೇ ಇರುತ್ತಾರೆ. ಮಲ್ಟಿಮೀಟರ್ ಹಿಡಿಯಿರಿ. ರಿಲೇ ಕಿತ್ತಿಟ್ಟು, ಕೀ ಆಫ್ ಇರುವಾಗ ಸಾಕೆಟ್ಟಿನ ಪ್ರತಿ ತೂತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟ್ ಅಳೆಯಿರಿ. ಆಗಲೂ 12 ತೋರಿಸುವುದು ನೇರ ಲೈನು, ಅಂದರೆ 30. ಕೀ ಆನ್ ಮಾಡಿದಾಗ ಮಾತ್ರ 12 ಬರುವುದು ಕಾಯಿಲ್ಲಿನ ಲೈನು. ಕೆಲವು ಮೇನ್ ರಿಲೇಗಳಲ್ಲಿ ಕಾಯಿಲ್ಲಿಗೂ ನೇರ ಲೈನೇ ಇರುತ್ತದೆ, ಆಗ ಎರಡು ತೂತಿನಲ್ಲಿ ಸದಾ 12 ಸಿಗುತ್ತದೆ. ವೋಲ್ಟ್ ಇಲ್ಲದೆ ಉಳಿದವನ್ನು ಕೀ ಆಫ್ ಮಾಡಿ ಓಮ್‌ನಲ್ಲಿ ನೋಡಿ. ಗಾಡಿಯ ಬಾಡಿಗೂ ಅದಕ್ಕೂ ನಡುವೆ ಸೊನ್ನೆ ಬಂದರೆ ಅದು ಅರ್ತ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಸೊನ್ನೆ ಬರದೆ ಇಸಿಎಂ ಕನೆಕ್ಟರಿನ ಕಡೆ ಹೋದರೆ ಇಸಿಎಂ ಅರ್ತ್ ಕೊಟ್ಟು ರಿಲೇ ಎಳೆಸುವ ತಂತಿ ಅದು. ಪಂಪಿಗೆ ಹೋಗುವ ತಂತಿಯೂ ಪಂಪಿನ ಸುತ್ತಿನ ಮೂಲಕ ಒಂದೆರಡು ಓಮ್ ತೋರಿಸಿ ಅರ್ತಿನ ಹಾಗೆ ಮೋಸ ಮಾಡುತ್ತದೆ, ಆದ್ದರಿಂದ ಟ್ಯಾಂಕಿನ ಬಳಿ ಪಂಪಿನ ಕನೆಕ್ಟರ್ ಬಿಡಿಸಿ ಅಳೆಯಿರಿ. ಇಸಿಎಂ ಕಡೆಯ ತಂತಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. 21 ವ್ಯಾಟಿನ ಬಲ್ಬು ಪೌಣೆ ಎರಡು ಆಂಪ್ ಎಳೆಯುತ್ತದೆ. 0.15 ಆಂಪಿನ ಕಾಯಿಲ್ ಆಡಿಸಲೆಂದು ಮಾಡಿದ ಒಳಗಿನ ಟ್ರಾನ್ಸಿಸ್ಟರಿಗೆ ಅದು ಸಾವು.

ಜೋಡಿಸುವಾಗ ಹೀಗೆ. ಬ್ಯಾಟರಿ ಪ್ಲಸ್ಸಿನಿಂದ 6 ಚದರ ಮಿ.ಮೀ. ತಂತಿ ಎಳೆದು ಹೊಸ ಫ್ಯೂಸ್ ಡಬ್ಬಿಗೆ ತನ್ನಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 60 ಆಂಪಿನ ಸ್ಟ್ರಿಪ್ ಫ್ಯೂಸ್ ಇರಲಿ. ಅಲ್ಲಿಂದ ಮೇನ್ ರಿಲೇಗೆ 15 ಆಂಪ್ (ನೀಲಿ ಫ್ಯೂಸ್), ಪಂಪಿಗೆ 15, ಫ್ಯಾನಿಗೆ 20 (ಹಳದಿ). ಪಂಪಿನ ತಂತಿ 2.5 ಚದರ ಮಿ.ಮೀ. ಇರಲಿ. ಹಳೇ ಗಾಡಿಯಲ್ಲಿ ಹಿಂದೆ ಹೋಗಿದ್ದ 0.75ರ ತಂತಿಯಲ್ಲಿ 5 ಆಂಪಿಗೆ ನಾಲ್ಕು ಮೀಟರಿನಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. 2.5ರಲ್ಲಿ ಕಳೆಯುವುದು 0.15ಕ್ಕಿಂತ ಕಡಿಮೆ. ಕಾಯಿಲ್ಲಿನ ಕಡೆಗೆ 0.75 ಬೇಕಾದಷ್ಟಾಯಿತು. ಎಂಜಿನ್ ನಿಂತಾಗಲೂ ಇಸಿಎಂನ ನೆನಪಿಗೆ ಬೇಕಾದ ನೇರ ಲೈನು ಒಂದಿರುತ್ತದೆ, ಅದನ್ನು ಮರೆತು ಕೀ ಲೈನಿಗೆ ಸೇರಿಸುವವರು ಬಹಳ.

ಕೀ ಆನ್ ಮಾಡಿದಾಗ ಪಂಪು ಸುಮಾರು ಎರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲಬೇಕು. ನಿಂತಿತೆಂದು ಗಾಬರಿಯಾಗಬೇಡಿ, ಅದು ಸರಿಯೇ. ಎಂಜಿನ್ ತಿರುಗುವ ಸಿಗ್ನಲ್ ಬಂದ ಮೇಲೆ ಇಸಿಎಂ ಮತ್ತೆ ಪಂಪು ಹಾಕುತ್ತದೆ. ಕೆಲವು ಗ್ಯಾರೇಜುಗಳಲ್ಲಿ ಈ ತಲೆನೋವೇ ಬೇಡವೆಂದು ಕೀ ಲೈನಿನಿಂದ 87ಕ್ಕೆ ತಂತಿ ಹಾಕಿ ಪಂಪನ್ನು ಕೀಗೆ ನೇರ ಕೊಡುತ್ತಾರೆ. ಪರೀಕ್ಷೆಗೆ ಒಂದು ನಿಮಿಷ ಮಾಡಿದರೆ ತಪ್ಪಿಲ್ಲ. ಹಾಗೇ ಬಿಟ್ಟರೆ, ಗಾಡಿ ಡಿಕ್ಕಿಯಾಗಿ ಎಂಜಿನ್ ನಿಂತು ಪೈಪು ಹರಿದರೂ ಕೀ ತಿರುಗಿಸುವವರೆಗೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಪ್ರಶ್ನೆ: ಇದೇ ತರಹ ಎಂಜಿನ್ ಬದಲಿಸಿದ ವ್ಯಾನು. ಸೆಲ್ಫ್ ಹೊಡೆದಷ್ಟು ಹೊತ್ತೂ ಸ್ಟಾರ್ಟ್ ಆಗುವುದಿಲ್ಲ. ಕೀ ಬಿಟ್ಟ ಕ್ಷಣ ಒಮ್ಮೆ ಹತ್ತಿದ ಹಾಗಾಗಿ, ಕೆಲವೊಮ್ಮೆ ಹಿಡಿದುಕೊಳ್ಳುತ್ತದೆ, ಕೆಲವೊಮ್ಮೆ ಇಲ್ಲ. ಮೇನ್ ರಿಲೇ ಎರಡು ಸಲ ಬದಲಾಯಿತು. (ಸಾಗರ)

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ರೋಗ ಇರುವುದು ಕೀ ಸ್ವಿಚ್ಚಿನಲ್ಲಿ ನೀವು ಆರಿಸಿಕೊಂಡ ತಂತಿಯಲ್ಲಿ. ಕೀ ಸ್ವಿಚ್ಚಿನ ಹಿಂದೆ ಆನ್ ಮಾಡಿದಾಗ ಜೀವ ಬರುವ ತಂತಿಗಳು ಒಂದಕ್ಕಿಂತ ಹೆಚ್ಚು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಬಲವೆಲ್ಲ ಸ್ಟಾರ್ಟರಿಗೆ ಹೋಗಲಿ ಎಂದು ರೇಡಿಯೋ, ವೈಪರ್, ಬ್ಲೋವರಿನ ತಂತಿಗಳನ್ನು ಸ್ವಿಚ್ಚೇ ಸತ್ತಂತೆ ಮಾಡುತ್ತದೆ. ನಿಮ್ಮ ಇಸಿಎಂ ಅಥವಾ ಮೇನ್ ರಿಲೇಯ ಕಾಯಿಲ್ ಅಂಥ ತಂತಿಗೆ ಕಟ್ಟಿದೆ. ಸೆಲ್ಫ್ ತಿರುಗುವಾಗ ಇಂಜೆಕ್ಷನ್ ಇಲ್ಲ, ಕೀ ಬಿಟ್ಟಾಗ ಜೀವ ಬರುತ್ತದೆ, ಆಗ ಎಂಜಿನ್ ಇನ್ನೂ ತಿರುಗುತ್ತಿದ್ದರೆ ಹತ್ತಿಕೊಳ್ಳುತ್ತದೆ.

ಮೀಟರನ್ನು ಒಂದೊಂದು ತಂತಿಗೂ ಹಚ್ಚಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಆನ್‌ನಲ್ಲೂ ಸೆಲ್ಫಿನಲ್ಲೂ ವೋಲ್ಟ್ ಉಳಿಸಿಕೊಳ್ಳುವ ತಂತಿ ಒಂದಿದ್ದೇ ಇರುತ್ತದೆ. ಹಳೇ ಎಂಜಿನ್ನಿನ ಇಗ್ನಿಷನ್ ಕಾಯಿಲ್ಲಿಗೆ ಹೋಗುತ್ತಿದ್ದುದು ಅದೇ ಜಾತಿಯದು, ಮೊದಲು ಅದನ್ನೇ ನೋಡಿ. ಅಳೆಯುವಾಗ ಬ್ಯಾಟರಿಯ ಮೇಲೂ ಕಣ್ಣಿರಲಿ: ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯೋ ಕೇಬಲ್ಲೋ ಸೋತಿದೆ. ರಿಲೇಗೆ ಎಳೆದುಕೊಳ್ಳಲು 7–8 ವೋಲ್ಟ್ ಬೇಕು. ಸವೆದ ಕೀ ಸ್ವಿಚ್ಚಿನಲ್ಲಿ ಇನ್ನೆರಡು ವೋಲ್ಟ್ ಕಳೆದುಹೋದರೆ ಅದು ಟಕಟಕ ಎಂದು ಬಡಿದುಕೊಳ್ಳಲು ಶುರು.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಕೀ ತೆಗೆದು ಕಿಸೆಗೆ ಹಾಕಿಕೊಂಡರೂ ಎಂಜಿನ್ ನಿಲ್ಲುವುದಿಲ್ಲ! ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸುತ್ತಿದ್ದೇವೆ. ರಿಲೇ ಅಂಟಿಕೊಂಡಿದೆ ಎಂದು ಬದಲಿಸಿದರೂ ಅದೇ ಕಥೆ. (ಹೊಸನಗರ)

ರಿಲೇಯ ಒಂದು ಗುಣ ಇಲ್ಲಿ ಆಟವಾಡಿದೆ. ಅದಕ್ಕೆ ಎಳೆದುಕೊಳ್ಳಲು 7–8 ವೋಲ್ಟ್ ಬೇಕು, ಎಳೆದುಕೊಂಡ ಮೇಲೆ ಹಿಡಿದಿರಲು ಎರಡು ಮೂರು ವೋಲ್ಟ್ ಸಾಕು. ಎಲ್ಲಿಂದಾದರೂ ಅಷ್ಟು ಸೋರಿ ಬಂದರೆ ಅದು ಬಿಡುವುದೇ ಇಲ್ಲ.

ಸೋರುವ ಜಾಗ ಹೆಚ್ಚಾಗಿ ಆಲ್ಟರ್ನೇಟರಿನ ಚಾರ್ಜಿಂಗ್ ಲೈಟು. ಡಿ+ ಟರ್ಮಿನಲ್ (ಚಾರ್ಜಿಂಗ್ ಲೈಟಿನ ತಂತಿ ಸೇರುವ ಜಾಗ) ಇರುವ ಆಲ್ಟರ್ನೇಟರಿನಲ್ಲಿ ಎಂಜಿನ್ ಓಡುವಾಗ ಆ ಟರ್ಮಿನಲ್ಲಿನಲ್ಲೇ 14 ವೋಲ್ಟ್ ಇರುತ್ತದೆ. ಕೀ ಆಫ್ ಮಾಡಿದಾಗ ಆ ವೋಲ್ಟ್ ಡ್ಯಾಶ್‌ಬೋರ್ಡಿನ ಬಲ್ಬಿನ ಮೂಲಕ ಹಿಂದಕ್ಕೆ ಹರಿದು ಕೀ ಲೈನಿಗೆ, ಅಲ್ಲಿಂದ ರಿಲೇ ಕಾಯಿಲ್ಲಿಗೆ ತಲುಪುತ್ತದೆ. ಲೆಕ್ಕ ಹಾಕಿ: 2 ವ್ಯಾಟಿನ ಬಲ್ಬು ಉರಿಯುವಾಗ ಸುಮಾರು 72 ಓಮ್, ಕಾಯಿಲ್ 90 ಓಮ್. 14 ವೋಲ್ಟಿನಲ್ಲಿ ಕಾಯಿಲ್ಲಿನ ಪಾಲಿಗೆ ಹೆಚ್ಚುಕಡಿಮೆ 7.8. ಹಿಡಿದಿರಲು ಧಾರಾಳ. ಹಳೇ ಎಂಜಿನ್ನಿನಲ್ಲಿ ಆ ಲೈನಿನ ಮೇಲೆ ಇಗ್ನಿಷನ್ ಕಾಯಿಲ್ಲಿನಂಥ ದೊಡ್ಡ ಹೊರೆ ಕೂತು, ಸೋರಿದ್ದನ್ನು ಅದೇ ನುಂಗುತ್ತಿತ್ತು. ಈಗ ಆ ಹೊರೆ ಇಲ್ಲ, ಇರುವುದು ರಿಲೇಯ ಸಣ್ಣ ಕಾಯಿಲ್ ಮಾತ್ರ.

ಖಾತ್ರಿ ಮಾಡಿಕೊಳ್ಳಲು, ಕೀ ಆಫ್ ಆದರೂ ಎಂಜಿನ್ ಓಡುತ್ತಿರುವಾಗ ಚಾರ್ಜಿಂಗ್ ಲೈಟಿನ ಬಲ್ಬನ್ನು ಕಿತ್ತುಹಾಕಿ. ತಕ್ಷಣ ಎಂಜಿನ್ ನಿಂತರೆ ಕಳ್ಳ ಸಿಕ್ಕ. ಮದ್ದು ಐದು ರೂಪಾಯಿಯೊಳಗಿನದು: ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ 1ಎನ್4007 ಡಯೋಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು. ಬಲ್ಬಿನಿಂದ ಆಲ್ಟರ್ನೇಟರಿಗೆ ಹೋಗುವ ತಂತಿಯನ್ನು ಕತ್ತರಿಸಿ, ಡಯೋಡಿನ ಬಿಳಿ ಗೆರೆ ಆಲ್ಟರ್ನೇಟರಿನ ಕಡೆಗೆ ಬರುವಂತೆ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಸ್ಲೀವ್ ಹೊದಿಸಿ. ಗೆರೆ ಉಲ್ಟಾ ಆದರೆ ಚಾರ್ಜಿಂಗ್ ಲೈಟೂ ಹತ್ತದು, ಆಲ್ಟರ್ನೇಟರ್ ಚಾರ್ಜ್ ಶುರುಮಾಡಲೂ ತಡವರಿಸುತ್ತದೆ.

ಡೀಸೆಲ್ ಎಂಜಿನ್ ಹಾಕಿದವರಿಗೂ ಇದೇ ಅನ್ವಯ. ರೋಟರಿ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡಿಗೆ ಲೈನು ಇದ್ದಷ್ಟು ಹೊತ್ತು ಡೀಸೆಲ್ ಹರಿಯುತ್ತದೆ. ಚಾರ್ಜಿಂಗ್ ಲೈಟಿನ ಲೈನಿಗೇ ಅದನ್ನೂ ಕಟ್ಟಿದ್ದರೆ ಪರಿಣಾಮ ಒಂದೇ.

ಪ್ರಶ್ನೆ: ಫ್ಯಾನ್ ರಿಲೇ ಒಂದೇ ವರ್ಷದಲ್ಲಿ ಮೂರು ಸಲ ಸುಟ್ಟಿದೆ. ಆಗುಂಬೆ ಘಾಟಿ ಹತ್ತುವಾಗಲೇ ಕೈಕೊಡುತ್ತದೆ. 40 ಆಂಪಿನದು ಹಾಕಿದರೂ ಪ್ಲಾಸ್ಟಿಕ್ ಕರಗಿತು. ಕಳಪೆ ಮಾಲೇ? (ಶಿವಮೊಗ್ಗ)

ಕಳಪೆ ರಿಲೇ ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಮೂರೂ ಒಂದೇ ಕಡೆ ಕರಗಿದ್ದರೆ ಸಾಕೆಟ್ಟನ್ನು ನೋಡಿ. ಎಷ್ಟನೇ ಅಂಕಿಯ ಬಳಿ ಪ್ಲಾಸ್ಟಿಕ್ ಕಂದಾಗಿದೆ? 30 ಅಥವಾ 87ರ ಬಳಿಯಾದರೆ ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸಡಿಲವಾಗಿದೆ. ರಿಲೇಯ ಕಾಲು ಅದರಲ್ಲಿ ಬಿಗಿಯಾಗಿ ಕೂರುವುದಿಲ್ಲ. ಒಮ್ಮೆ ಬಿಸಿಯಾದ ಹಿತ್ತಾಳೆ ಸ್ಪ್ರಿಂಗ್ ಗುಣ ಕಳೆದುಕೊಂಡು ಇನ್ನೂ ಸಡಿಲವಾಗುತ್ತದೆ, ಹೊಸ ರಿಲೇ ಅದೇ ಸತ್ತ ಹಿಡಿಗೆ ಹೋಗಿ ಕೂರುತ್ತದೆ. 20 ಆಂಪ್ ಹರಿಯುವಾಗ ಆ ಜೋಡಣೆಯಲ್ಲಿ 0.3 ವೋಲ್ಟ್ ಕಳೆದರೂ ಅಲ್ಲಿ 6 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ನನ್ನು ಸಾಕೆಟ್ಟಿನೊಳಗೆ ಹೂತಿಟ್ಟ ಹಾಗೆ.

ಅಳೆಯುವುದು ಸುಲಭ. ಫ್ಯಾನ್ ಓಡುತ್ತಿರಲಿ. ಮೀಟರಿನ ಒಂದು ಮುಳ್ಳು 30ರ ತಂತಿಗೆ, ಇನ್ನೊಂದು 87ರ ತಂತಿಗೆ, ಎರಡೂ ಸಾಕೆಟ್ಟಿನ ಹಿಂಬದಿಯಿಂದ. 0.1 ವೋಲ್ಟಿನೊಳಗೆ ಇದ್ದರೆ ಚೆನ್ನ, 0.2 ದಾಟಿದರೆ ಸಾಕೆಟ್ ಬದಲಿಸಿ. 6.3 ಮಿ.ಮೀ. ಹಿಡಿಗಳನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ. ಸಾಮಾನ್ಯ ಇಕ್ಕಳದಿಂದ ಜಜ್ಜಿ ಮೇಲೆ ಸೀಸ ಸುರಿದರೆ ಕಾಣಲು ಗಟ್ಟಿ, ಸೀಸ ಮುಗಿಯುವ ಕಡೆ ತಂತಿ ಕಡ್ಡಿಯಾಗಿ, ಅಲುಗಾಟಕ್ಕೆ ಅಲ್ಲೇ ಮುರಿಯುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಒಂದು, ಎರಡನೇ ಗೇರಿನಲ್ಲಿ ಹತ್ತುವಾಗ ಗಾಳಿ ಹೊಡೆತ ಕಡಿಮೆ, ಫ್ಯಾನು ಬಿಡದೆ ಓಡುತ್ತದೆ. ಅದಕ್ಕೇ ನಿಮ್ಮ ರಿಲೇ ಅಲ್ಲಿ ಸಾಯುತ್ತಿದೆ. ಹೊಸ ಸಾಕೆಟ್ ಹಾಕಿದ ಮೇಲೂ ಬಿಸಿಯಾದರೆ ಫ್ಯಾನಿನ ಮೋಟಾರನ್ನು ಸಂಶಯಿಸಿ: ಬುಷ್ ಸವೆದ ಮೋಟಾರು ಹೆಚ್ಚು ಆಂಪ್ ಎಳೆಯುತ್ತದೆ.

ಪ್ರಶ್ನೆ: ಹಳೇ ಮ್ಯಾಟಡಾರಿಗೆ ಬೇರೆ ಡೀಸೆಲ್ ಎಂಜಿನ್ ಹಾಕಿಸಿದ್ದೇವೆ. ಹೀಟರ್ ಪ್ಲಗ್ಗಿಗೆ 40 ಆಂಪಿನ ರಿಲೇ ಹಾಕಿಕೊಟ್ಟರು. ಚಳಿಗಾಲದ ಬೆಳಗ್ಗೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. (ಕೊಪ್ಪ)

ರಾತ್ರಿಯಿಡೀ ಪ್ಲಗ್ ಉರಿದಿರುತ್ತದೆ. ತಣ್ಣಗಿನ ಡೀಸೆಲ್ ಎಂಜಿನ್ ಹತ್ತಿಸಲು ಕಾಯಿಸುವ ಈ ಹೀಟರ್ ಪ್ಲಗ್ ಒಂದೊಂದೂ ಕಾದ ಮೇಲೂ 10 ಆಂಪಿನ ಆಸುಪಾಸು ಎಳೆಯುತ್ತದೆ, ತಣ್ಣಗಿದ್ದಾಗ ಮೊದಲ ಒಂದೆರಡು ಸೆಕೆಂಡು ಇನ್ನೂ ಹೆಚ್ಚು. ನಾಲ್ಕಕ್ಕೆ 40 ದಾಟುತ್ತದೆ. ಆ ಏಟಿಗೆ 40ರ ರಿಲೇಯ ಕಾಂಟ್ಯಾಕ್ಟು ಕರಗಿ ಬೆಸೆದುಕೊಂಡಿದೆ. ಕಾಯಿಲ್ಲಿನ ಲೈನು ಹೋದರೂ ಅದು ಬಿಡಿಸಿಕೊಳ್ಳುವುದಿಲ್ಲ. ರಿಲೇ ಕಿತ್ತು 30–87 ನಡುವೆ ಓಮ್ ನೋಡಿ, ಮೇಜಿನ ಮೇಲಿಟ್ಟಾಗಲೂ ಸೊನ್ನೆ ತೋರಿಸಿದರೆ ಇದೇ.

ಹೀಟರ್ ಪ್ಲಗ್ಗಿಗೆಂದೇ ಬರುವ 70 ಆಂಪಿನ ರಿಲೇ ಹಾಕಿ. ಅದರ 30 ಮತ್ತು 87ರ ಕಾಲು ಅಗಲವಾಗಿಯೋ ಬೋಲ್ಟ್ ರೂಪದಲ್ಲಿಯೋ ಇರುತ್ತದೆ. ತಂತಿ 10 ಚದರ ಮಿ.ಮೀ., 80 ಆಂಪಿನ ಸ್ಟ್ರಿಪ್ ಫ್ಯೂಸ್. ಪ್ಲಗ್ಗಿನ ಮೈಮೇಲೆ ಬರೆದ ವೋಲ್ಟನ್ನೂ ಓದಿ. ಹಳೇ ಕಾಲದ ಎರಡು ತುದಿಯ ಪ್ಲಗ್ಗುಗಳು ಒಂದೊಂದೂ ಎರಡು ವೋಲ್ಟಿನೊಳಗಿನವು, ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸಿದಾಗ ಮಾತ್ರ ಬದುಕುತ್ತವೆ. ಒಂದೇ ತುದಿಯ 11 ವೋಲ್ಟಿನವು ಪಟ್ಟಿಯಲ್ಲಿ ಅಕ್ಕಪಕ್ಕ ಜೋಡಿಸುವಂಥವು. ಎಂಜಿನ್ ಬದಲಾದರೂ ಹಳೇ ಗಾಡಿಯ ಹೀಟರ್ ವೈರಿಂಗ್ ಉಳಿಸಿಕೊಂಡರೆ ಇಲ್ಲಿ ಎಡವುತ್ತೀರಿ.

ಪ್ರಶ್ನೆ: ಎಂಜಿನ್ ಕೂರಿಸಿದ ಮೇಲೆ ಸೆಲ್ಫ್ 'ಟಕ್' ಎನ್ನುತ್ತದೆ, ತಿರುಗುವುದಿಲ್ಲ. ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹೊಗೆ ಬಂತು. ಕೇಬಲ್ಲಿಗೂ ಕರೆಂಟಿಗೂ ಏನು ಸಂಬಂಧ? (ಸೊರಬ)

ಸೆಲ್ಫ್ ಹೊಡೆಯುವುದನ್ನು ಈಗಲೇ ನಿಲ್ಲಿಸಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಳೇ ಎಂಜಿನ್ ಇಳಿಸುವಾಗ ಬಿಚ್ಚಿದ ಅರ್ತ್ ಪಟ್ಟಿಯನ್ನು ತಿರುಗಿ ಹಾಕಿಲ್ಲ. ಸ್ಟಾರ್ಟರಿನ ನೂರಾರು ಆಂಪು ಬ್ಯಾಟರಿಗೆ ಮರಳಲು ದಾರಿ ಹುಡುಕಿ ಆಕ್ಸಿಲರೇಟರ್ ಕೇಬಲ್ಲನ್ನು ಹಿಡಿದಿದೆ. ಒಳಗಿನ ನೈಲಾನ್ ಕರಗಿದ್ದರೆ ಆ ಕೇಬಲ್ ಓಡುವಾಗ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ, ಬದಲಿಸಿಬಿಡಿ.

ಎಂಜಿನ್ ಬ್ಲಾಕಿನಿಂದ ಬಾಡಿಗೆ 16 ಚದರ ಮಿ.ಮೀ.ಗೆ ಕಡಿಮೆ ಇಲ್ಲದ ಹೆಣೆದ ಪಟ್ಟಿ ಹಾಕಿ, ಬಾಡಿಯ ಪೇಂಟನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಮೊದಲಿನಿಂದ ಇದ್ದ ಪಟ್ಟಿಯಾದರೂ ಕಿಲುಬು ಹತ್ತಿದ್ದರೆ ಇಲ್ಲದ್ದಕ್ಕೆ ಸಮ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಬ್ಲಾಕಿಗೂ ನಡುವೆ 0.3 ವೋಲ್ಟ್ ಮೀರಬಾರದು. ಅದಾದ ಮೇಲೂ ಬರೀ 'ಟಕ್' ಬಂದರೆ ಸ್ಟಾರ್ಟರಿನಲ್ಲಿ 50 ಎಂಬ ಅಂಕಿಯ, ಕೀಯಿಂದ ಲೈನು ಬರುವ ಟರ್ಮಿನಲ್ಲಿನ ವೋಲ್ಟ್ ನೋಡಿ. ಸೊಲೆನಾಯ್ಡು ಎಳೆದುಕೊಳ್ಳುವ ಕ್ಷಣ 30–40 ಆಂಪ್ ಕೇಳುತ್ತದೆ, ಹಳೇ ಕೀ ಸ್ವಿಚ್ಚಿಗೆ ಅದು ಭಾರ. ಅಲ್ಲೊಂದು ರಿಲೇ ಇಡಿ: ಕೀಯಿಂದ ಬರುತ್ತಿದ್ದ ತಂತಿ 86ಕ್ಕೆ, 85 ಅರ್ತಿಗೆ, ಬ್ಯಾಟರಿಯಿಂದ 4 ಚದರ ಮಿ.ಮೀ. ತಂತಿ 30 ಆಂಪಿನ ಹಸಿರು ಫ್ಯೂಸ್ ದಾಟಿ 30ಕ್ಕೆ, 87ರಿಂದ ಸೊಲೆನಾಯ್ಡಿಗೆ.

ಪ್ರಶ್ನೆ: ಮಂಜಿನಲ್ಲಿ ಹೆಡ್‌ಲೈಟು ಸಾಲುವುದಿಲ್ಲ. 100 ವ್ಯಾಟಿನ ಬಲ್ಬಿಗೆ ರಿಲೇ ಹಾಕಿದರೆ ಸರಿಯೇ? (ಆಗುಂಬೆ)

100ರ ಬಲ್ಬು ಬೇಡ. ಅದು ಕಾನೂನಿಗೂ ಸಲ್ಲದು, ಹೋಲ್ಡರಿಗೂ ತಾಳದು, ಮಂಜಿನಲ್ಲಿ ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ಇರುವ 60/55ರ ಎಚ್4 ಬಲ್ಬಿಗೆ ರಿಲೇ ಹಾಕಿದರೆ ಸಾಕು. ಬಲ್ಬಿನ ಟರ್ಮಿನಲ್ಲಿನಲ್ಲಿ ಅಳೆದು ನೋಡಿ, ಹಳೇ ವ್ಯಾನುಗಳಲ್ಲಿ ಎರಡು ವೋಲ್ಟ್ ದಾರಿಯಲ್ಲೇ ಕಳೆದಿರುವುದುಂಟು. 13.2ರ ಬದಲು 11.2 ಸಿಕ್ಕರೆ ಬೆಳಕು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ, ಒಂದೊಂದು 15 ಆಂಪ್ ಫ್ಯೂಸ್, 2.5ರ ತಂತಿ. ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಲೈಟ್ ಸ್ವಿಚ್ ಇರುವುದು ಅರ್ತಿನ ಕಡೆ. ಲೈಟ್ ಆಫ್ ಇರುವಾಗಲೂ ಬಲ್ಬಿನ ಟರ್ಮಿನಲ್ಲಿನಲ್ಲಿ 12 ವೋಲ್ಟ್ ಕಂಡರೆ ನಿಮ್ಮದು ಅಂಥದ್ದು. ಆಗ ಕಾಯಿಲ್ಲಿನ ಒಂದು ತುದಿಗೆ ಲೈನು ಕೊಟ್ಟು ಇನ್ನೊಂದನ್ನು ಸ್ವಿಚ್ಚಿಗೆ ಒಯ್ಯಬೇಕು.

ಪ್ರಶ್ನೆ: ಕಾಲುಗಳು ಹೊಂದುತ್ತವೆಂದು ಬೇರೆ ಗಾಡಿಯ ರಿಲೇ ಹಾಕಿದೆವು, ಫ್ಯೂಸ್ ಹಾರಿತು. (ರಿಪ್ಪನ್‌ಪೇಟೆ)

ಕಾಲು ಹೊಂದಿದರೆ ಸಾಲದು, ಅಂಕಿ ಹೊಂದಬೇಕು. ನೋಡಲು ಒಂದೇ ಥರದ ನಾಲ್ಕು ಕಾಲಿನ ರಿಲೇಗಳಲ್ಲಿ 30 ಮತ್ತು 86 ಅದಲುಬದಲಾದ ಜಾತಿಯೊಂದಿದೆ. ಐದು ಕಾಲಿನವುಗಳಲ್ಲಿ ನಡುವಿನದು ಕೆಲವಕ್ಕೆ 87ಎ, ಕೆಲವಕ್ಕೆ ಇನ್ನೊಂದು 87. ಮೂರನೆಯ ಬಲೆ, ಒಳಗೆ ಡಯೋಡು ಇರುವ ರಿಲೇ. ಕಾಯಿಲ್ ಬಿಡುವಾಗ ನೂರಾರು ವೋಲ್ಟಿನ ಒದೆತ ಕೊಡುತ್ತದೆ, ಇಸಿಎಂ ಉಳಿಯಲೆಂದು ಡಯೋಡೋ ರೆಸಿಸ್ಟರೋ ಇಟ್ಟಿರುತ್ತಾರೆ. ಡಯೋಡಿನ ರಿಲೇಗೆ 86 ಪ್ಲಸ್, 85 ಮೈನಸ್ ಆಗಲೇಬೇಕು, ತಿರುಗಿದರೆ ಡಯೋಡು ನೇರ ಶಾರ್ಟ್. ರೆಸಿಸ್ಟರಿನದಕ್ಕೆ ಆ ಹಟವಿಲ್ಲ. ಮೈಮೇಲಿನ ಚಿತ್ರದಲ್ಲಿ ಬಾಣದ ಗುರುತಿದ್ದರೆ ಡಯೋಡು, ಉದ್ದ ಚೌಕವಿದ್ದರೆ ರೆಸಿಸ್ಟರು. ಇಸಿಎಂ ಆಡಿಸುವ ಜಾಗಕ್ಕೆ ಇವೆರಡೂ ಇಲ್ಲದ ಬರೀ ರಿಲೇ ಹಾಕಬೇಡಿ.

ಪ್ರಶ್ನೆ: ಎಂಜಿನ್ ಬದಲಿಸಿದ್ದನ್ನು ಆರ್‌ಟಿಒಗೆ ತಿಳಿಸಬೇಕೇ? (ಭದ್ರಾವತಿ)

ಹೌದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ವಿಮೆಯವರೂ ತಕರಾರು ತೆಗೆಯುತ್ತಾರೆ. ಎಂಜಿನ್ ಕೊಳ್ಳುವ ಮೊದಲೇ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ: ಕೆಎ-14ರ ಗಾಡಿಗೆ ಶಿವಮೊಗ್ಗ, ಕೆಎ-15ಕ್ಕೆ ಸಾಗರ. ಗುಜರಿಯವರಿಂದ ಬಿಲ್ಲು ಮತ್ತು ಮೂಲ ಗಾಡಿಯ ಕಾಗದಪತ್ರ ಕೇಳಿ ಪಡೆಯಿರಿ, ಅವಿಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ.

ಪ್ರಶ್ನೆ: ಹೊಸ ರಿಲೇ ಡಬ್ಬಿಯನ್ನು ಎಲ್ಲಿ ಕೂರಿಸುವುದು? ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಗಾಡಿ ನಿಲ್ಲುವುದು ಅಡಿಕೆ ಚಪ್ಪರದಡಿ. (ಕಾರ್ಗಲ್)

ಓಮ್ನಿಯಾದರೆ ಸೀಟಿನಡಿಯ ಎಂಜಿನ್ ಗೂಡಿನೊಳಗೆ ಬೇಡ, ಅಲ್ಲಿನ ಶಾಖಕ್ಕೆ ಕಾಯಿಲ್ಲಿನ ಓಮ್ ಏರಿ ಎಳೆತ ಸೋಲುತ್ತದೆ. ಮುಂದಿನ ಚಕ್ರದ ನೀರು ಎರಚುವ ಜಾಗವೂ ಬೇಡ. ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗಕ್ಕಿಂತ ಒಂದಡಿ ಮೇಲೆ, ಎಡ ಮಗ್ಗುಲು ಒಳ್ಳೆಯದು. ಸಾಕೆಟ್ಟಿಗೆ ತಂತಿ ಒಳಹೋಗುವ ಬದಿ ಕೆಳಗೆ ಮಾಡಿ. ಒಳಬರುವ ತಂತಿಗಳು ಡಬ್ಬಿಗಿಂತ ಒಂದು ಗೇಣು ಕೆಳಗಿಳಿದು ಬಾಗಿ ಮೇಲೆ ಹತ್ತಲಿ, ತಂತಿ ಗುಂಟ ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ತಗಡು ತೂರುವ ಕಡೆ ರಬ್ಬರ್ ಗ್ರಾಮೆಟ್ ತಪ್ಪಿಸಬೇಡಿ. ಹಿಡಿಗಳಿಗೆ ವ್ಯಾಸಲೀನನ್ನು ತೆಳ್ಳಗೆ ಸವರಿ, ಕಿಲುಬು ತಡವಾಗುತ್ತದೆ. ಮೆತ್ತಿದರೆ ದೂಳು ಕೂರುತ್ತದೆ.

ಇಲಿಗೆ ಪಕ್ಕಾ ಮದ್ದಿಲ್ಲ. ಬರೀ ಟೇಪು ಸುತ್ತಿದ ತಂತಿಗಿಂತ ಸುರುಳಿ ಪೈಪಿನೊಳಗೆ ಹಾಕಿದ ತಂತಿ ಹೆಚ್ಚು ಕಾಲ ಉಳಿಯುತ್ತದೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಬ್ಯಾಟರಿಯ ಮೈನಸ್ ಬಿಚ್ಚಿಡಿ, ತಿಂದರೂ ತಂತಿ ಹೋದೀತು, ಗಾಡಿ ಸುಡದು. ಚಪ್ಪರದಡಿ ಅಡಿಕೆ ಸಿಪ್ಪೆ ರಾಶಿ ಹಾಕಿದ್ದರೆ ಮೊದಲು ಅದನ್ನು ಬೇರೆ ಕಡೆ ಸಾಗಿಸಿ, ಗೂಡು ಕಟ್ಟುವುದು ಅಲ್ಲೇ.